ಮೊದಲು ವ್ಯಾಪಾರಿ, ಆಮೇಲೆ ಬಿರುಗಾಳಿ

ರಮ್ಯ ಪಂಥದ ಚಿತ್ರವೆಂದರೆ ಪ್ರಕೃತಿಯ ಭವ್ಯತೆ ಎಂದು ಹೇಳಿ ಕೈತೊಳೆದುಕೊಳ್ಳುವವರು, ಟರ್ನರ್ 1840ರಲ್ಲಿ ಪ್ರದರ್ಶಿಸಿದ ‘ಗುಲಾಮರ ಹಡಗು’ ಚಿತ್ರದ ಕೆಳಭಾಗವನ್ನು ನೋಡಲಿ. ಅಲ್ಲಿ ಸಂಕೋಲೆ ತೊಟ್ಟ ಕಾಲೊಂದು ನೀರಿನಿಂದ ಮೇಲೆದ್ದಿದೆ, ಮೀನುಗಳು ಮುತ್ತಿವೆ. 1781ರಲ್ಲಿ ‘ಜಾಂಗ್’ ಹಡಗಿನವರು ಸುಮಾರು 130 ಆಫ್ರಿಕನ್ನರನ್ನು ಕಡಲಿಗೆಸೆದರು. ಆಮೇಲೆ ಸರಕು ನಷ್ಟವಾಯಿತೆಂದು ಮಾಲೀಕರು ವಿಮೆ ಹಣ ಕೇಳಿದರು. ಟರ್ನರನ ಅಲೆಗಳನ್ನೂ ಬೆಳಕನ್ನೂ ಬಾಯ್ತುಂಬ ಹೊಗಳಿದ ರಸ್ಕಿನ್, ಗುಲಾಮರನ್ನು ಎಸೆಯುವ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳಿದ. ನಾವೂ ಅದನ್ನೇ ಮಾಡುತ್ತಿದ್ದೇವೆ. ಕೆಂಪು ಆಕಾಶ ದೈವಕೋಪದ ಸಂಕೇತ, ಒಪ್ಪೋಣ. ಅಷ್ಟಕ್ಕೇ ಕೊಂದವರ ಲೆಕ್ಕ ಚುಕ್ತಾ ಆಯಿತೆ? ಆ ಜನರನ್ನು ನುಂಗಿದ್ದು ಕಡಲಲ್ಲ, ವ್ಯಾಪಾರ. ಟರ್ನರ್ ಕೊಟ್ಟ ಪೂರ್ಣ ಶೀರ್ಷಿಕೆ ಶುರುವಾಗುವುದೇ ಗುಲಾಮ ವ್ಯಾಪಾರಿಗಳಿಂದ; ಬಿರುಗಾಳಿ ಬರುವುದು ಕೊನೆಗೆ. ಚಿತ್ರವನ್ನೂ ಅದೇ ಕ್ರಮದಲ್ಲಿ ನೋಡಬೇಕು.