ಬ್ಲಾಕ್‌ಚೈನ್ ಬಂದರೆ ಬೆಳಗಾವಿಯ ಮೀನಿನ ಮೂಲ ತಿಳಿದೀತೇ?

ತಪಸ್ಸುಕಾಲದ ಶುಕ್ರವಾರಗಳಲ್ಲಿ ಬೆಳಗಾವಿ, ಖಾನಾಪುರದ ನಮ್ಮ ಮನೆಗಳಲ್ಲಿ ಮಾಂಸದ ಬದಲು ಮೀನಿನ ಸಾರು ಕುದಿಯುತ್ತದೆ. ಆದರೆ ಇವು ಕಡಲಿಲ್ಲದ ಊರುಗಳು. ಬಂಗುಡೆ, ಇಸವಣ, ಸಿಗಡಿ ಗೋವಾದಿಂದಲೋ ಕಾರವಾರದಿಂದಲೋ ಘಟ್ಟ ಹತ್ತಿ ಬರಬೇಕು. ಅನಮೋಡದ ದಾರಿ ರಾಮನಗರ, ಲೋಂಡಾ, ಖಾನಾಪುರ ದಾಟಿ ಬೆಳಗಾವಿ ಸೇರಿದರೆ, ಚೋರ್ಲಾದ ದಾರಿ ಕಣಕುಂಬಿ, ಜಾಂಬೋಟಿಯ ಮೂಲಕ ಬರುತ್ತದೆ. "ತಾಜಾ ಐತೇನು?" ಎಂದು ಗಿರಾಕಿ ಕೇಳುತ್ತಾನೆ. ಐತೆ ಎಂಬ ಉತ್ತರವನ್ನು ನಂಬುವುದು ಬಿಟ್ಟು ಅವನಿಗೆ ಬೇರೆ ದಾರಿಯಿಲ್ಲ.

ಈ ನಂಬಿಕೆ ಅಲುಗಾಡಿದ್ದು 2018ರಲ್ಲಿ. ಜುಲೈ ತಿಂಗಳಲ್ಲಿ ಮಡಗಾಂವಿನ ಸಗಟು ಮಾರುಕಟ್ಟೆಗೆ ಹೊರರಾಜ್ಯಗಳಿಂದ ಬಂದ ಮೀನಿನಲ್ಲಿ ಫಾರ್ಮಲಿನ್ ಇದೆಯೆಂಬ ವಿವಾದ ಎದ್ದು, ಗೋವಾ ಸರಕಾರ ಹೊರಗಿನ ಮೀನನ್ನು ಕೆಲದಿನ ನಿಷೇಧಿಸಿತು. ಶವಗಳು ಕೆಡದಂತೆ ಬಳಸುವ ದ್ರಾವಣವದು. ವರ್ಷದ ಕೊನೆಗೆ ನೋಂದಣಿ ಬೇಕು, ಶಾಖ ತಡೆಯುವ ವಾಹನವೇ ಬೇಕು ಎಂದಾಗ ಪೆಟ್ಟು ಬಿದ್ದದ್ದು ಕಾರವಾರದ ಸಣ್ಣ ವ್ಯಾಪಾರಿಗಳಿಗೆ. ಯಾವ ಪೆಟ್ಟಿಗೆ ಎಲ್ಲಿಂದ ಬಂತೆಂಬ ಬರಹವೇ ಇಲ್ಲದಿದ್ದಾಗ ತಪ್ಪಿತಸ್ಥನ ಜೊತೆ ನಿರಪರಾಧಿಯನ್ನೂ ಗಡಿಯಲ್ಲಿ ನಿಲ್ಲಿಸಬೇಕಾಗುತ್ತದೆ.

ಈಗ ಬ್ಲಾಕ್‌ಚೈನ್ ಇದಕ್ಕೆ ಪರಿಹಾರವೆನ್ನುತ್ತಾರೆ. ಒಂದೇ ಲೆಕ್ಕದ ಪುಸ್ತಕದ ಪ್ರತಿಗಳು ವ್ಯವಹಾರದಲ್ಲಿರುವ ಎಲ್ಲರ ಬಳಿಯೂ ಇವೆ, ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತಿದೆ ಎಂದುಕೊಳ್ಳಿ. ಒಬ್ಬ ಗುಟ್ಟಾಗಿ ತಿದ್ದಿದರೆ ಉಳಿದವರ ಪ್ರತಿಯೊಂದಿಗೆ ಅದು ತಾಳೆಯಾಗುವುದಿಲ್ಲ. 2019ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಯು ಆಂಧ್ರದ ಸಿಗಡಿಯ ಜಾಡನ್ನು ಐಬಿಎಂನ ಇಂತಹ ವ್ಯವಸ್ಥೆಯಲ್ಲಿ ದಾಖಲಿಸಲು ಹೊರಟಿತು.

ಆದರೆ ಆಂಧ್ರದ ಸಿಗಡಿ ಬೇರೆ, ಕಾರವಾರದ ಬಂಗುಡೆ ಬೇರೆ. ಸಿಗಡಿಗೆ ಗೊತ್ತಾದ ಕೊಳವಿದೆ, ಸಂಸ್ಕರಣಾ ಘಟಕವಿದೆ, ರಫ್ತುದಾರನಿದ್ದಾನೆ. ಬೈತಖೋಲ ಬಂದರಿಗೆ ಬಂದ ಬಂಗುಡೆಯಾದರೋ ಹಲವು ದೋಣಿಗಳದ್ದು. ಹರಾಜಾಗಿ, ಒಂದೇ ಪೆಟ್ಟಿಗೆಯಲ್ಲಿ ಬೆರೆತು, ಬೆಳಗಾವಿಯಲ್ಲಿ ಮತ್ತೆ ಹಂಚಿಕೆಯಾಗಿ, ಖಾನಾಪುರದ ಹಳ್ಳಿಗೆ ಬುಟ್ಟಿಯಲ್ಲಿ ಹೋಗುತ್ತದೆ. ಯಾವ ಮೀನು ಯಾವ ದೋಣಿಯದೆಂದು ಮಾರುವಾಕೆಗೇ ಗೊತ್ತಿರುವುದಿಲ್ಲ. ಮೊದಲ ಸಾಲನ್ನೇ ಸುಳ್ಳಾಗಿ ಬರೆದರೆ ಬ್ಲಾಕ್‌ಚೈನ್ ಆ ಸುಳ್ಳನ್ನೇ ಅಳಿಸಲಾಗದಂತೆ ಕಾಪಾಡುತ್ತದೆ!

ಹಾಗೆಂದು ಮೂಲದ ಬರಹ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಪೂರ್ವ ಕರಾವಳಿಯಲ್ಲಿ ಅದು ಜೂನ್ 14ಕ್ಕೇ ಮುಗಿಯುತ್ತದೆ. ಜುಲೈಯಲ್ಲಿ "ಕಾರವಾರದ ಮೀನು" ಎಂದು ಪೇಟೆಗೆ ಬಂದ ರಾಶಿ ನಾಡದೋಣಿಯದೋ, ಪೂರ್ವ ಕರಾವಳಿಯಿಂದ ದಿನಗಟ್ಟಲೆ ಮಂಜುಗಡ್ಡೆಯ ಮೇಲೆ ಬಂದದ್ದೋ ಎಂದು ತಿಳಿಯುವ ಹಕ್ಕು ಕೊಳ್ಳುವವನಿಗಿದೆ. ಯುರೋಪಿನ ಗಿರಾಕಿಗೆ ಈ ಹಕ್ಕು ಸಿಕ್ಕಿ ಬಹಳ ಕಾಲವಾಯಿತು. ಅಲ್ಲಿಗೆ ಹೋಗುವ ಕಡಲ ಮೀನಿಗೆ 2010ರ ಜನವರಿ 1ರಿಂದಲೇ ಹಿಡಿದ ದೋಣಿಯ ವಿವರವುಳ್ಳ ಪ್ರಮಾಣಪತ್ರ ಬೇಕು. ಬೆಳಗಾವಿಗೆ ಬರುವ ಮೀನಿಗೆ ಅಂತಹ ಚೀಟಿಯಿಲ್ಲ.

ಕೇಂದ್ರ ಸರಕಾರ 2024ರ ಫೆಬ್ರವರಿಯಲ್ಲಿ 6,000 ಕೋಟಿ ರೂಪಾಯಿಗೂ ಮೀರಿದ ಮತ್ಸ್ಯ ಕಿಸಾನ್ ಸಮೃದ್ಧಿ ಸಹಯೋಜನೆಗೆ ಒಪ್ಪಿಗೆ ನೀಡಿತು. ಮೂಲ ಗುರುತಿಸುವ ವ್ಯವಸ್ಥೆಯೂ ಅದರಲ್ಲಿದೆ. 2025ರ ನವೆಂಬರ್ 21ರಂದು, ವಿಶ್ವ ಮೀನುಗಾರಿಕಾ ದಿನದಲ್ಲಿ, ಇದಕ್ಕಾಗಿ ರಾಷ್ಟ್ರೀಯ ಚೌಕಟ್ಟನ್ನೂ ಬಿಡುಗಡೆ ಮಾಡಲಾಯಿತು. ಇದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದೇ ನಮ್ಮ ಕಾಳಜಿ. ಸ್ಮಾರ್ಟ್‌ಫೋನ್ ಮತ್ತು ಕೋಡ್ ಅಂಟಿಸಿದ ಪೆಟ್ಟಿಗೆ ಇದ್ದವರಿಗೆ ಮಾತ್ರ ಮಾರುಕಟ್ಟೆ ಎಂದಾದರೆ, 2018ರಲ್ಲಿ ಗಡಿಯಲ್ಲಿ ಆದದ್ದೇ ಬುಟ್ಟಿ ಹೊತ್ತ ಹೆಂಗಸರಿಗೂ ಆಗುತ್ತದೆ.

ಆರಂಭಕ್ಕೆ ಬ್ಲಾಕ್‌ಚೈನೇ ಬೇಕಿಲ್ಲ. ದೋಣಿ, ಬಂದರು, ದಿನಾಂಕ ನಮೂದಿಸಿದ ಹರಾಜಿನ ಚೀಟಿ ಪೆಟ್ಟಿಗೆಯೊಂದಿಗೆ ಘಟ್ಟ ಹತ್ತಲಿ. ಹಲವು ದೋಣಿಗಳ ಮೀನು ಬೆರೆತಿದ್ದರೆ ಅಷ್ಟೂ ಹೆಸರಿರಲಿ. ಚೀಟಿ ಬರೆಯುವ ಹೊಣೆ ಬಂದರಿನದಾಗಲಿ, ಬುಟ್ಟಿಯವಳದಲ್ಲ. ಫಾರ್ಮಲಿನ್ ಮತ್ತು ಅಮೋನಿಯಾವನ್ನು ಕೆಲವೇ ನಿಮಿಷಗಳಲ್ಲಿ ತೋರಿಸುವ ಕಾಗದದ ಪಟ್ಟಿಯನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 2018ರಲ್ಲೇ ಹೊರತಂದಿದೆ. ಬೆಳಗಾವಿಯ ಮೀನುಪೇಟೆಯಲ್ಲಿ ಅದನ್ನು ಪ್ರತಿದಿನ ಎಲ್ಲರೆದುರು ಬಳಸಬೇಕೆಂದು ಪಾಲಿಕೆಯನ್ನು ಕೇಳಲು ನಮ್ಮ ಧರ್ಮಕೇಂದ್ರಗಳ ಮಹಿಳಾ ಸಂಘಗಳಿಗೆ ಒಂದು ಅರ್ಜಿ ಸಾಕು.