ಮುಚ್ಚುವ ಗುಂಡಿಯ ನಲವತ್ತು ವರ್ಷ

ಮೈಕ್ರೋಸಾಫ್ಟ್ ವಿಂಡೋಸ್‌ನ ಮೊದಲ ಆವೃತ್ತಿ ಹೊರಬಂದದ್ದು 1985ರ ನವೆಂಬರ್ 20ರಂದು. ಅದರ ಹಿಂದಿನ ವರ್ಷವೇ ಮ್ಯಾಕಿಂಟೋಷ್ ಬಂದಿತ್ತು. ಈ ನಾಲ್ಕು ದಶಕಗಳ ಸಾಧನೆಯೆಂದರೆ ಮೌಸು, ಬಣ್ಣ, ಚಿತ್ರಗಳ ಮಾತೇ ಮೊದಲು ಬರುತ್ತದೆ. ಪ್ರೋಗ್ರಾಮ್ ಬರೆಯುವವರ ಪಾಲಿಗೆ ಬದಲಾದದ್ದು ಬೇರೆಯೇ. ಅಲ್ಲಿಯವರೆಗೆ ಪ್ರೋಗ್ರಾಮ್ ಕೇಳುತ್ತಿತ್ತು, ಮನುಷ್ಯ ಉತ್ತರಿಸುತ್ತಿದ್ದ. ಆಮೇಲೆ ಮನುಷ್ಯ ಯಾವ ಗಳಿಗೆಯಲ್ಲಿ ಏನು ಮಾಡುತ್ತಾನೋ ಎಂದು ಪ್ರೋಗ್ರಾಮೇ ಕಾದು ಕೂರಬೇಕಾಯಿತು.

ಹಾಗೆ ಕಾಯುವ ಕೋಡೇ ಮೆಸೇಜ್ ಲೂಪ್. ಕೀಲಿ ಒತ್ತಿದರೆ, ವಿಂಡೋ ಹಿಗ್ಗಿಸಿದರೆ, ಮರೆಯಾಗಿದ್ದ ಭಾಗ ಮತ್ತೆ ಕಂಡರೆ ಒಂದೊಂದಕ್ಕೂ ಒಂದು ಸಂದೇಶ. 1988ರಲ್ಲಿ ಬಂದ ಚಾರ್ಲ್ಸ್ ಪೆಟ್ಜೋಲ್ಡ್‌ರ 'ಪ್ರೋಗ್ರಾಮಿಂಗ್ ವಿಂಡೋಸ್' ಒಂದು ತಲೆಮಾರಿಗೇ ಈ ಪಾಠ ಹೇಳಿಕೊಟ್ಟಿತು. ಅಂದಿನ 16-ಬಿಟ್ ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಮ್ ತನ್ನ ಲೂಪಿಗೆ ಮರಳದೆ ಲೆಕ್ಕದಲ್ಲಿ ಮುಳುಗಿದರೆ ಮಿಕ್ಕ ಪ್ರೋಗ್ರಾಮ್‌ಗಳೂ ನಿಂತುಬಿಡುತ್ತಿದ್ದವು. ವಿಂಡೋಸ್ ಎನ್‌ಟಿ ಮತ್ತು ವಿಂಡೋಸ್ 95 ಪ್ರತಿ ಥ್ರೆಡ್‌ಗೂ ಪ್ರತ್ಯೇಕ ಸರದಿ ಕೊಟ್ಟವು. ಒಬ್ಬರ ತಪ್ಪಿಗೆ ಎಲ್ಲರೂ ದಂಡ ತೆರುವುದು ಬಹುಮಟ್ಟಿಗೆ ತಪ್ಪಿತು.

ಆದರೂ ಈ ಸಂದೇಶಗಳಲ್ಲೆಲ್ಲ ಹೆಚ್ಚು ಯೋಚನೆ ಬೇಡುವುದು 'ಮುಚ್ಚು' ಎಂಬುದೇ ಎಂದು ನಾನು ನಂಬುತ್ತೇನೆ. ಮೂಲೆಯ ಗುಂಡಿ ಒತ್ತಿದೊಡನೆ ವಿಂಡೋ ಮುಚ್ಚುವುದಿಲ್ಲ. ಒತ್ತಿದ್ದು ಬರೀ ಕೋರಿಕೆ. ವಿಂಡೋಸ್‌ನಲ್ಲಿ ಮೊದಲು 'ಕ್ಲೋಸ್' ಸಂದೇಶ ಬರುತ್ತದೆ, ಪ್ರೋಗ್ರಾಮ್ ಬೇಡವೆನ್ನಬಹುದು. ಒಪ್ಪಿದರೆ 'ಡಿಸ್ಟ್ರಾಯ್'. ಅಲ್ಲಿ ಪ್ರೋಗ್ರಾಮ್ 'ಕ್ವಿಟ್' ಕಳಿಸಿಕೊಂಡರೆ ಮಾತ್ರ ಲೂಪ್ ಮುಗಿಯುತ್ತದೆ. ಆ ಸಾಲು ಬಿಟ್ಟುಹೋದರೆ ವಿಂಡೋ ಕಣ್ಮರೆಯಾದರೂ ಪ್ರೋಗ್ರಾಮ್ ಒಳಗೊಳಗೇ ಓಡುತ್ತಿರುತ್ತದೆ. ಉಳಿಸದ ಬರಹ ಇದೆಯೇ ಎಂದು ಕೇಳಬೇಕಾದದ್ದು ಮೊದಲ ಮೆಟ್ಟಿಲಲ್ಲಿ; ಎರಡನೆಯದರಲ್ಲಿ ಕೇಳಿದರೆ 'ರದ್ದು' ಒತ್ತಿದರೂ ವಿಂಡೋ ಉಳಿಯುವುದಿಲ್ಲ.

ಜಾವಾ ಇದನ್ನು ಇನ್ನಷ್ಟು ಬಿಡಿಸಿಟ್ಟಿತು. 1997ರ 1.1 ಆವೃತ್ತಿಯ ವಿಂಡೋ ಲಿಸನರ್‌ನಲ್ಲಿ ಏಳು ಮೆಥಡ್‌ಗಳು. 'ಮುಚ್ಚುತ್ತಿದೆ' ಬೇರೆ, 'ಮುಚ್ಚಿತು' ಬೇರೆ. ಏಳನ್ನೂ ಬರೆಯುವ ಬೇಸರ ತಪ್ಪಿಸಲು ವಿಂಡೋ ಅಡಾಪ್ಟರ್ ಕೊಟ್ಟರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜಾವಾ ಪಠ್ಯಕ್ರಮದಲ್ಲೂ ಲಿಸನರ್, ಅಡಾಪ್ಟರ್‌ಗಳು ಇದ್ದವು. ನಮ್ಮ ಎಷ್ಟೋ ಎಂಜಿನಿಯರುಗಳಿಗೆ ಈವೆಂಟ್ ಎಂಬುದರ ಪರಿಚಯವಾದದ್ದು ಅಲ್ಲೇ. ವಿಂಡೋ ಕಟ್ಟಲು ಜಾವಾದಲ್ಲೇ ಸ್ವಿಂಗ್ ಎಂಬ ಹೊಸ ಪರಿಕರ ಬಂದ ಮೇಲೆ ಅದರ ಫ್ರೇಮ್ ಮುಚ್ಚಿದರೆ ಅದು ತಾನಾಗಿ ಅಡಗುತ್ತಿತ್ತೇ ಹೊರತು ಪ್ರೋಗ್ರಾಮ್ ಮುಗಿಯುತ್ತಿರಲಿಲ್ಲ. 'ಎಕ್ಸಿಟ್ ಆನ್ ಕ್ಲೋಸ್' ಎಂಬ ಒಂದು ಸಾಲು ಆ ತೊಂದರೆ ನೀಗಿತು, ಜೊತೆಗೆ ಯೋಚಿಸುವ ಅಭ್ಯಾಸವನ್ನೂ ಕಸಿದುಕೊಂಡಿತು. ಕೇಳದೆ ಹೇಳದೆ ಇಡೀ ಪ್ರೋಗ್ರಾಮನ್ನು ಮುಗಿಸುವ ಸಾಲು ಅದು.

ಯಂತ್ರ ಶಟ್‌ಡೌನ್ ಆಗುವಾಗಿನ ಕಥೆ ಇನ್ನೂ ಉಪೇಕ್ಷಿತ. ಆಗ ವಿಂಡೋಸ್ ಕಳಿಸುವುದು 'ಕ್ಲೋಸ್' ಅಲ್ಲ, ಅಧಿವೇಶನ ಮುಗಿಸಬಹುದೇ ಎಂದು ಕೇಳುವ ಬೇರೊಂದು ಸಂದೇಶ. ಮುಚ್ಚುವ ಗುಂಡಿಗಷ್ಟೇ ಉತ್ತರ ಬರೆದಿಟ್ಟವರ ಪ್ರೋಗ್ರಾಮಿನಲ್ಲಿ ಸಂಜೆ ಆಫೀಸು ಬಿಡುವಾಗ ದಿನದ ಬರಹ ಹೋಗುವುದು ಇಲ್ಲೇ. 2005ರ ಡಾಟ್‌ನೆಟ್ 2.0, ಮುಚ್ಚಲು ಕಾರಣ ಬಳಕೆದಾರನೋ ಶಟ್‌ಡೌನೋ ಎಂಬುದನ್ನು ಈವೆಂಟ್ ಜೊತೆಗೇ ತಿಳಿಸತೊಡಗಿತು. ಸಣ್ಣ ಸೌಲಭ್ಯ, ಆದರೆ ಇಂಥವೇ ನಿಜವಾದ ಪ್ರಗತಿ.

2011ರ ಮ್ಯಾಕ್ ಒಎಸ್ ಲಯನ್ ದಾರಿಯನ್ನೇ ಬದಲಿಸಿತು: ಅದಕ್ಕೆ ಹೊಂದಿಕೊಂಡ ಪ್ರೋಗ್ರಾಮ್‌ಗಳು ಬರಹವನ್ನು ತಾವಾಗಿ ಉಳಿಸುತ್ತವೆ, ಮತ್ತೆ ತೆರೆದರೆ ಬಿಟ್ಟ ಜಾಗದಲ್ಲೇ ನಿಲ್ಲುತ್ತವೆ. ಇದು ಹೆಚ್ಚು ಮಾನವೀಯ. ಮನುಷ್ಯನಿಗೆ 'ಉಳಿಸಲೇ?' ಎಂದು ಕೇಳುವ ಹೊತ್ತಿಗೆ ಆತ ಎದ್ದು ಹೊರಟಿರುತ್ತಾನೆ. ಅವಸರದಲ್ಲಿ ತಪ್ಪು ಗುಂಡಿ ಒತ್ತಿದರೆ ಅದು ಅವನ ತಪ್ಪಲ್ಲ.

ನಮ್ಮ ಕಾಲೇಜು ಲ್ಯಾಬುಗಳು ಇದನ್ನು ಪರೀಕ್ಷೆಗೆ ತರಬೇಕು. ಗುಂಡಿ ಒತ್ತಿದರೆ ಉತ್ತರ ಮೂಡಿತೇ ಎಂದಷ್ಟೇ ನೋಡಿ ಅಂಕ ಕೊಟ್ಟರೆ ಸಾಲದು. ಅರ್ಧ ಬರೆದ ಕಡತವಿರುವಾಗ ವಿಂಡೋ ಮುಚ್ಚಿ ನೋಡಬೇಕು, 'ರದ್ದು' ಒತ್ತಿ ನೋಡಬೇಕು, ಯಂತ್ರವನ್ನೇ ಶಟ್‌ಡೌನ್ ಮಾಡಿ ಮತ್ತೆ ತೆರೆದಾಗ ಆ ಕಡತ ಇದೆಯೇ ಎಂದು ಹುಡುಕಬೇಕು.