ಎಪ್ಪತ್ತೆರಡು ಇದ್ರೆ ಎಲ್ಲಾ ಸರೀನಾ?

ಇತ್ತೀಚೆಗೆ ಯಾರ ಜೊತೆ ಮಾತಿಗೆ ಕೂತರೂ ಅರ್ಧ ಮಾತಿನಲ್ಲಿ ಕೈ ತಿರುಗಿಸಿ ವಾಚು ನೋಡಿಕೊಳ್ಳುತ್ತಾರೆ. ನಾನು ಬೇಗ ಎದ್ದು ಹೋಗಲಿ ಅಂತಿರಬೇಕು ಅಂದುಕೊಂಡರೆ, ಅಲ್ಲ ಸ್ವಾಮಿ, ಅವರು ನೋಡುತ್ತಿರುವುದು ಟೈಮಲ್ಲ, ಎದೆಬಡಿತ! "ನೋಡ್ರೀ, ಸುಮ್ನೆ ಕೂತಿದ್ರೂ ತೊಂಬತ್ತೆರಡು" ಅಂತ ನಮಗೂ ತೋರಿಸುತ್ತಾರೆ.

ನಗಬೇಡಿ, ನಾನೂ ಅದೇ ಗುಂಪಿನವನೇ. ನಮ್ಮೂರು ಹಾಸನ ಜಿಲ್ಲೆ. 2025ರ ಮೇ-ಜೂನ್‌ನಲ್ಲಿ ಅಲ್ಲಿಂದ ಹೃದಯಾಘಾತದ ಸುದ್ದಿ ಒಂದರ ಹಿಂದೊಂದು ಬರುತ್ತಿದ್ದಾಗ, ಊರಿಂದ ದಿನಕ್ಕೆ ನಾಲ್ಕು ಫೋನು. ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ನೂಕುನುಗ್ಗಲು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗಲೂ ಹೀಗೇ ಆಗಿತ್ತು. ಹಾಸನದಲ್ಲಿ ಸಾವು ಅಸಹಜವಾಗಿ ಏರಿಲ್ಲ ಅಂತ ಸರ್ಕಾರದ ತಜ್ಞರ ಸಮಿತಿ ಆಮೇಲೆ ಹೇಳಿತು, ಆದರೆ ಅಷ್ಟೊತ್ತಿಗೆ ನಾನು ವಾಚು ಕೊಂಡಾಗಿತ್ತು.

ಒಂದು ರಾತ್ರಿ ಮೂರು ಗಂಟೆಗೆ ಎಚ್ಚರವಾಯ್ತು. ವಾಚು ನೋಡಿದೆ, 98. ಅಯ್ಯೋ ಅಂದುಕೊಂಡು ಮತ್ತೆ ನೋಡಿದೆ, 106. ಇನ್ನೊಮ್ಮೆ ನೋಡಿದರೆ 118! ನೋಡಿದಷ್ಟೂ ಏರುತ್ತಿತ್ತು, ಏರಿದಷ್ಟೂ ನೋಡುತ್ತಿದ್ದೆ. ಡಾಕ್ಟರು ಇಸಿಜಿ, ಎಕೋ, ಟ್ರೆಡ್‌ಮಿಲ್ ಎಲ್ಲಾ ಮಾಡಿಸಿ, "ಹೃದಯ ಚೆನ್ನಾಗಿದೆ. ರಾತ್ರಿ ವಾಚ್ ಬಿಚ್ಚಿಟ್ಟು ಮಲಗಿ" ಅಂದರು. ಅದೇ ಔಷಧಿ!

ಇಲ್ಲಿಗೆ ಮುಗಿಸಿದ್ದರೆ ಇದೊಂದು ತಮಾಷೆಯ ಬರಹವಾಗುತ್ತಿತ್ತು. ಆದರೆ ನನಗೆ ಈ ಭಯ ಬಂದಿದ್ದು ಟೀವಿ ನೋಡಿ ಅಲ್ಲ.

2018ರಲ್ಲಿ ಒಂದು ಬೆಳಿಗ್ಗೆ ಅಪ್ಪ ಎದೆ ಹಿಡಿದ ಹಾಗಾಗ್ತಿದೆ ಅಂದರು. ಬೆವರಿದ್ದರು. ಮನೆಯಲ್ಲಿ ಬಿಪಿ ಮಷೀನ್ ಇತ್ತು. ನಾನೇ ಕೈಗೆ ಪಟ್ಟಿ ಸುತ್ತಿ ನೋಡಿದೆ. ಬಿಪಿ ಸ್ವಲ್ಪ ಜಾಸ್ತಿ, ನಾಡಿ 72. "ಅಪ್ಪಾ, ಎಪ್ಪತ್ತೆರಡು ಇದೆ, ಹಾರ್ಟ್ ಸರಿಯಾಗೇ ಇದೆ. ಗ್ಯಾಸ್ ಇರ್ಬೇಕು" ಅಂದೆ. ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ಅಪ್ಪ ನನ್ನ ಮಾತು ನಂಬಿ ಮಲಗಿದರು. ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಹನ್ನೊಂದು ಗಂಟೆ. ಇಸಿಜಿ ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಇಷ್ಟೊತ್ತು ಏನ್ ಮಾಡ್ತಿದ್ರಿ?"

ನಾನು ನಾಡಿ ನೋಡುತ್ತಿದ್ದೆ ಅಂತ ಹೇಳಲು ಬಾಯಿ ಬರಲಿಲ್ಲ.

ಅಪ್ಪ ಆವತ್ತು ಉಳಿದರು. ಆದರೆ ಹೃದಯದ ಶಕ್ತಿ ಅರ್ಧಕ್ಕರ್ಧ ಹೋಗಿತ್ತು. ತೋಟಕ್ಕೆ ಹೋಗೋದು ನಿಂತಿತು. ಎರಡು ವರ್ಷ ಇದ್ದರು.

ಹೃದಯಾಘಾತ ಅಂದರೆ ಹೃದಯಕ್ಕೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ನಾಡಿ ಹೇಳುವುದು ನಿಮಿಷಕ್ಕೆ ಎಷ್ಟು ಸಲ ಬಡಿಯಿತು ಅಂತ ಮಾತ್ರ. ತೋಟದ ಪಂಪ್‌ಸೆಟ್ ಓಡುವ ಸದ್ದು ಮನೆವರೆಗೂ ಕೇಳುತ್ತದೆ, ಒಳಗೆ ಮೋಟರು ಸುಡುತ್ತಿರುವುದು ಕೇಳುವುದಿಲ್ಲ. ಹಾಗೆಯೇ ಇದೂ. ಇಸಿಜಿ ತೆಗೆಯುವ ದುಬಾರಿ ವಾಚಿನ ಕಂಪನಿಯವರು ಕೂಡ, ಇದರಿಂದ ಹೃದಯಾಘಾತ ಪತ್ತೆಯಾಗುವುದಿಲ್ಲ ಅಂತ ತಾವೇ ಬರೆದಿರುತ್ತಾರೆ. ನಾವು ಓದುವುದಿಲ್ಲ ಅಷ್ಟೆ.

ಹಾಗಾದರೆ ಮನೆಯಲ್ಲಿ ನಾಡಿ ನೋಡುವುದೇ ದಂಡವೇ? ಖಂಡಿತ ಅಲ್ಲ. ಅದೇ ಬಿಪಿ ಮಷೀನ್ ಕಳೆದ ವರ್ಷ ಅಮ್ಮನಿಗೆ ಉಪಕಾರ ಮಾಡಿತು. ಬಡಿತದ ಲಯ ತಪ್ಪಿದೆ ಅನ್ನುವ ಗುರುತು ಮೂರು ದಿನ ಬಿಡದೆ ಬಂತು. ಈ ಸಲ ನಾನು ಬುದ್ಧಿವಂತಿಕೆ ತೋರಿಸದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. 24 ಗಂಟೆ ಹೋಲ್ಟರ್ ಕಟ್ಟಿ ನೋಡಿ, ಏಟ್ರಿಯಲ್ ಫಿಬ್ರಿಲೇಶನ್ ಅಂದರು. ಅದರಿಂದ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದಂತೆ. ಈಗ ಮಾತ್ರೆ ತಗೊಂಡು ಆರಾಮಾಗಿದ್ದಾರೆ. ದಿನಾ ಬೆಳಿಗ್ಗೆ ಎದ್ದು, ಕಾಫಿಗೆ ಮೊದಲು ಐದು ನಿಮಿಷ ಕೂತು, ಒಂದೇ ಒಂದು ಸಲ ನೋಡಿ, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡುತ್ತಾರೆ. ಡಾಕ್ಟರಿಗೆ ನನ್ನ ವಾಚಿನ ಗ್ರಾಫಿಗಿಂತ ಅಮ್ಮನ ಕ್ಯಾಲೆಂಡರೇ ಇಷ್ಟ!

ಮಷೀನ್ ಇಲ್ಲದಿದ್ದರೂ ಚಿಂತೆಯಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ತೋರುಬೆರಳು ಮತ್ತು ನಡುಬೆರಳು ಇಟ್ಟು ಒಂದು ಪೂರ್ತಿ ನಿಮಿಷ ಎಣಿಸಿ. ಹೆಬ್ಬೆರಳಿನಿಂದ ಒತ್ತಬೇಡಿ, ಅದರದ್ದೇ ಬಡಿತ ಸಿಕ್ಕಿ ಲೆಕ್ಕ ತಪ್ಪುತ್ತದೆ. ದೊಡ್ಡವರಿಗೆ ಸುಮ್ಮನೆ ಕೂತಾಗ 60ರಿಂದ 100ರವರೆಗೆ ಸಾಮಾನ್ಯ. ಚೆನ್ನಾಗಿ ಓಡುವ ಅಭ್ಯಾಸ ಇರುವವರಿಗೆ ಇನ್ನೂ ಕಡಿಮೆ ಇರಬಹುದು. ಜ್ವರ, ಕಾಫಿ, ಸಿಟ್ಟು, ಹೆದರಿಕೆ ಎಲ್ಲಕ್ಕೂ ಏರುತ್ತದೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದ ಇಳಿಯುತ್ತದೆ. ವಾಚಿನ ಪಟ್ಟಿ ಸಡಿಲವಿದ್ದರೆ ಅದೂ ಏನೇನೋ ತೋರಿಸುತ್ತದೆ. ಹಾಗಾಗಿ ಒಂದು ದಿನದ ಒಂದು ಸಂಖ್ಯೆ ಹಿಡಿದು ಕಂಗಾಲಾಗಬೇಡಿ, ನಾಲ್ಕು ದಿನದ್ದು ಬರೆದಿಡಿ.

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ನನ್ನ ಪ್ರಕಾರ ಮನೆಯಲ್ಲಿ ನೋಡಿದ ನಾಡಿ "ಹೋಗಿ ತೋರಿಸಿ" ಅನ್ನಬಹುದು, ಆದರೆ "ಹೋಗಬೇಡಿ, ಏನೂ ಇಲ್ಲ" ಅನ್ನುವ ಅಧಿಕಾರ ಅದಕ್ಕಿಲ್ಲ. ಎದೆ ಹಿಡಿದುಕೊಂಡಿದ್ದರೆ, ಬೆವರು ಬಂದರೆ, ನೋವು ಕೈಗೋ ದವಡೆಗೋ ಇಳಿದರೆ, ಉಸಿರು ಸಿಕ್ಕಿಕೊಂಡರೆ, ವಾಚು ಏನೇ ಹೇಳಲಿ, 108ಕ್ಕೆ ಫೋನ್ ಮಾಡಿ. ಈಗ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಆದರೆ ಅದು ಕೆಲಸ ಮಾಡುವುದು ಬೇಗ ಹೋದವರಿಗೆ. ಕಷಾಯ ಕುಡಿದು ಕಾಯುವವರಿಗಲ್ಲ.

ಈಗಲೂ ಆ ಮಷೀನಿನಲ್ಲಿ 72 ಬಂದರೆ ನನಗೆ ಖುಷಿಯಾಗುವುದಿಲ್ಲ. ಅಪ್ಪನ ಮುಖ ನೆನಪಾಗುತ್ತದೆ. ಗ್ಯಾಸ್ ಅಂದಾಗ ಎಷ್ಟು ನಿರಾಳವಾಗಿ ಮಲಗಿದ್ದರು...

ನಿಮ್ಮ ಮನೆಯಲ್ಲೂ ಇಂಥ ಮಷೀನ್ ಇದ್ದೇ ಇರುತ್ತದೆ. ಅದನ್ನು ಎಷ್ಟು ನಂಬುತ್ತೀರಿ? ನೀವೇನಂತೀರಿ?